ನಾಗಣಸೂರ–ಅಕ್ಕಲಕೋಟ ಗಡಿಸೀಮೆ: ಅಪರಾಧ ಪ್ರಮಾಣ ಮತ್ತು ಗ್ರಾಮಸುರಕ್ಷೆ

ನಾಗಣಸೂರ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲ್ಲೂಕಿನ ಕನ್ನಡ ಮಾತಿನ ಗ್ರಾಮ. ಸೊಲ್ಲಾಪುರದಿಂದ ಕಲಬುರಗಿಗೆ ಹೋಗುವ ರೈಲುಮಾರ್ಗದಲ್ಲಿ ಅಕ್ಕಲಕೋಟ ರೋಡ್ ಮತ್ತು ಬೋರೋಟಿ ನಿಲ್ದಾಣಗಳ ನಡುವೆ ಇದರ ನಿಲ್ದಾಣವಿದೆ. ಆಳಂದ, ಅಫಜಲಪುರ, ಇಂಡಿ ಈ ತಾಲ್ಲೂಕಿನ ಕರ್ನಾಟಕದ ನೆರೆಗಳು. ನಾಗಣಸೂರ ಇರುವ ಗಡಿಸೀಮೆಯನ್ನು ನಡುವಿಟ್ಟುಕೊಂಡು ಸೊಲ್ಲಾಪುರ ಜಿಲ್ಲೆಯ ಗ್ರಾಮಭಾಗದಲ್ಲಿ ಎಂಥ ಅಪರಾಧಗಳು ನಡೆಯುತ್ತವೆ, ಅವನ್ನು ಹೇಗೆ ಎಣಿಸುತ್ತಾರೆ, ಊರುಗಳು ತಮ್ಮನ್ನು ಹೇಗೆ ಕಾಯ್ದುಕೊಳ್ಳುತ್ತವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಅಪರಾಧ ಪ್ರಮಾಣ ಎಣಿಸುವುದು ಠಾಣೆಯ ಪುಸ್ತಕ ಸೇರಿದ ದೂರುಗಳನ್ನು. ಊರಿನಿಂದ ಠಾಣೆಗೆ ಇರುವ ದೂರ ಹೆಚ್ಚಿದಷ್ಟೂ ಆ ಲೆಕ್ಕ ಸಣ್ಣದಾಗುತ್ತದೆ. ಗಡಿಸೀಮೆಯಲ್ಲಿ ಕಿಲೋಮೀಟರಿನ ಜತೆಗೆ ಖರ್ಚು, ಜಾತಿ, ಭಾಷೆ ಮೂರೂ ಆ ದೂರಕ್ಕೆ ಸೇರುತ್ತವೆ. ಇಲ್ಲಿನ ಅಂಕಿಗಳನ್ನು ಓದುವವರು ಇದನ್ನು ಮರೆಯುವಂತಿಲ್ಲ.

ನೆಲ ಮತ್ತು ಜನ

ಹನ್ನೊಂದು ತಾಲ್ಲೂಕುಗಳ ಸೊಲ್ಲಾಪುರ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ 43,17,756 ಜನರಿದ್ದರು. ಮೂವರಲ್ಲಿ ಇಬ್ಬರು ಹಳ್ಳಿಯವರು. ಮರಾಠಿ ಬಹುಸಂಖ್ಯಾತರ ಭಾಷೆ. ಕನ್ನಡ ಮಾತೃಭಾಷೆಯವರು ನೂರಕ್ಕೆ ಸುಮಾರು ಒಂಬತ್ತು. ಅವರಲ್ಲಿ ಬಹುಪಾಲು ಮಂದಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆಯ ಪಟ್ಟಿಯಲ್ಲಿ ಮತ್ತು ಸೊಲ್ಲಾಪುರ ನಗರದಲ್ಲಿದ್ದಾರೆ. ಅಕ್ಕಲಕೋಟ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಗಡಿವಾದ ಬಗೆಹರಿಸಲು ನೇಮಕವಾದ ಮಹಾಜನ ಆಯೋಗದ 1967ರ ವರದಿ ಇಡೀ ಅಕ್ಕಲಕೋಟ ತಾಲ್ಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಅದು ಜಾರಿಗೆ ಬರಲಿಲ್ಲ. 2022ರ ನವೆಂಬರ್–ಡಿಸೆಂಬರಿನಲ್ಲಿ ಗಡಿವಾದ ಮತ್ತೆ ಕೆರಳಿ, ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದು ಸಂಚಾರ ನಿಂತಾಗ ಆಸ್ಪತ್ರೆಗೆ, ಕಾಲೇಜಿಗೆ, ಬೀಗರ ಮನೆಗೆ ಹೋಗುವ ಗಡಿಯ ಜನರೇ ಮೊದಲು ಕಷ್ಟಪಟ್ಟರು.

ಮಳೆ ಕಡಿಮೆ, ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು. ಜೋಳ, ತೊಗರಿ, ನೀರಿರುವಲ್ಲಿ ಕಬ್ಬು ಮುಖ್ಯ ಬೆಳೆ. ಭೀಮಾ ನದಿ ತಾಲ್ಲೂಕಿನ ದಕ್ಷಿಣದ ಎಲ್ಲೆ; ಬೋರಿ ಹೊಳೆಗೆ ಕುರನೂರಿನಲ್ಲಿ ಅಣೆಕಟ್ಟಿದೆ. ಇಲ್ಲಿ ನಡೆಯುವ ಜಗಳ, ಕಳವು, ದಂಧೆಗಳಲ್ಲಿ ಬಹಳಷ್ಟು ಈ ನೆಲ, ಈ ನೀರು, ಈ ಗಡಿಯಿಂದಲೇ ಹುಟ್ಟಿದವು.

ಅಂಕಿಗಳು ಹುಟ್ಟುವ ಬಗೆ

ಜಿಲ್ಲೆಯಲ್ಲಿ ಎರಡು ಪೊಲೀಸ್ ಘಟಕಗಳಿವೆ. ನಗರಕ್ಕೆ ಪೊಲೀಸ್ ಆಯುಕ್ತಾಲಯ. ಫೌಜದಾರ ಚಾವಡಿ, ಜೋಡಭಾವಿ ಪೇಠ, ವಿಜಾಪುರ ನಾಕಾ ಮೊದಲಾದ ಏಳು ಠಾಣೆಗಳು ಅದರ ಅಡಿ ಬರುತ್ತವೆ. ಉಳಿದ ಭಾಗ ‘ಸೊಲ್ಲಾಪುರ ಗ್ರಾಮೀಣ’. ಜಿಲ್ಲಾ ಪೊಲೀಸ್ ಅಧೀಕ್ಷಕರ ಕೈಕೆಳಗಿನ ಈ ಘಟಕ ಕೊಲ್ಹಾಪುರ ವಲಯಕ್ಕೆ ಸೇರಿದೆ. ಅಕ್ಕಲಕೋಟಕ್ಕೆ ಉತ್ತರ, ದಕ್ಷಿಣ ಎಂದು ಎರಡು ಠಾಣೆಗಳು. ರೈಲಿನಲ್ಲಿ, ನಿಲ್ದಾಣದಲ್ಲಿ ನಡೆದ ಕಳವು ಈ ಎರಡೂ ಘಟಕಗಳಿಗೆ ಸೇರದೆ ರೈಲ್ವೆ ಪೊಲೀಸರ ಲೆಕ್ಕಕ್ಕೆ ಹೋಗುತ್ತದೆ. ಹೀಗಾಗಿ ನಾಗಣಸೂರಿನ ಮನುಷ್ಯನೊಬ್ಬನಿಗೆ ಒಂದು ವರ್ಷದಲ್ಲಿ ಹೊಲದಲ್ಲಿ, ಸೊಲ್ಲಾಪುರ ಪೇಟೆಯಲ್ಲಿ, ರೈಲಿನಲ್ಲಿ ಮೂರು ಕಳವುಗಳಾದರೆ ಅವು ಮೂರು ಬೇರೆ ಬೇರೆ ಕೋಷ್ಟಕಗಳಲ್ಲಿ ಕೂರುತ್ತವೆ.

ರಾಷ್ಟ್ರಮಟ್ಟದ ಅಂಕಿಗಳನ್ನು 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುತ್ತದೆ. ಅದರ ಲೆಕ್ಕದ ಕ್ರಮಗಳಲ್ಲಿ ಎರಡನ್ನು ಓದುಗರು ಅರಿತಿರಬೇಕು. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಗಂಭೀರವಾದುದನ್ನು ಮಾತ್ರ ಎಣಿಸಲಾಗುತ್ತದೆ. ದರೋಡೆ ಮಾಡಿ ಕೊಂದಿದ್ದರೆ ಪಟ್ಟಿಯಲ್ಲಿ ಕಾಣುವುದು ಕೊಲೆ. ಇನ್ನೊಂದು, ಪ್ರಮಾಣವನ್ನು ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಹೇಳಲಾಗುತ್ತದೆ, ಆದರೆ 2011ರ ನಂತರದ ವರದಿಗಳಿಗೆ ಆಧಾರವಾದದ್ದು ಅಂದಾಜು ಜನಸಂಖ್ಯೆ. ದುಡಿಮೆಗೆಂದು ಅರ್ಧ ವರ್ಷ ಪುಣೆ, ಮುಂಬೈ, ಕಬ್ಬಿನ ಸೀಮೆಗಳಲ್ಲಿ ಇರುವ ಜನರ ತಾಲ್ಲೂಕುಗಳಲ್ಲಿ ಈ ಅಂದಾಜು ಇನ್ನಷ್ಟು ಸಡಿಲವಾಗುತ್ತದೆ.

2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು, ಲಕ್ಷಕ್ಕೆ 2.1. ಮೂರು ಲಕ್ಷ ದಾಟಿದ ಅಕ್ಕಲಕೋಟದಂಥ ತಾಲ್ಲೂಕಿಗೆ ಆ ಸರಾಸರಿಯನ್ನು ಹಚ್ಚಿದರೆ ವರ್ಷಕ್ಕೆ ಆರೇಳು ಕೊಲೆಗಳಾಗುತ್ತವೆ. ಎಂಟು ಸಾವಿರ ಜನರ ಒಂದು ಊರಿನಲ್ಲಿ ಬದುವಿನ ಜಗಳಕ್ಕೆ ಒಬ್ಬ ಸತ್ತರೆ ಆ ವರ್ಷ ಆ ಊರಿನ ಪ್ರಮಾಣ ಲಕ್ಷಕ್ಕೆ 12.5, ದೇಶದ ಸರಾಸರಿಯ ಆರು ಪಟ್ಟು, ಮರುವರ್ಷ ಸೊನ್ನೆ. ಊರಿನ ಮಟ್ಟದಲ್ಲಿ ‘ಪ್ರಮಾಣ’ ಹೇಳುವವರ ಮಾತನ್ನು ನಂಬಬಾರದು. ಅಲ್ಲಿ ಪ್ರಕರಣಗಳನ್ನು ಒಂದೊಂದಾಗಿ ನೋಡಬೇಕು.

ಕೊಲೆಯ ಅಂಕಿ ಮಾತ್ರ ವಾಸ್ತವಕ್ಕೆ ಹತ್ತಿರ, ಹೆಣವನ್ನು ಮುಚ್ಚಿಡುವುದು ಕಷ್ಟ. ಹೆಣ್ಣುಮಕ್ಕಳ ಮೇಲಿನ ಹಿಂಸೆ, ಜಾತಿ ದೌರ್ಜನ್ಯ, ಬಡ್ಡಿ ವ್ಯವಹಾರದ ಬೆದರಿಕೆ, ಸಣ್ಣ ಕಳವು ಇವುಗಳ ಅಂಕಿ ಏರಿದರೆ ಅಪರಾಧ ಹೆಚ್ಚಿತೆಂದೇ ಅರ್ಥವಲ್ಲ. ದೂರು ಕೊಡುವ ಧೈರ್ಯ ಹೆಚ್ಚಿದೆ ಎಂದೂ ಆಗಬಹುದು. ದೂರುಗಳನ್ನು ತಕ್ಷಣ ದಾಖಲಿಸುವ ಕೇರಳ ಪ್ರತಿವರ್ಷ ಅತಿ ಹೆಚ್ಚು ಪ್ರಮಾಣದ ರಾಜ್ಯಗಳ ಸಾಲಿನಲ್ಲಿ ಬರುವುದು ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ.

ಹಿಂದಿನ ಕಾವಲು

ವಿಜಯಪುರ, ಸೊಲ್ಲಾಪುರ, ಕಲಬುರಗಿ ಸೀಮೆಯ ಊರುಗಳಲ್ಲಿ ಕಾವಲು ವತನಿನ, ಅಂದರೆ ವಂಶಪಾರಂಪರ್ಯ ಹಕ್ಕಿನ, ಕೆಲಸವಾಗಿತ್ತು. ಮುಲ್ಕಿ ಪಾಟೀಲ ಕಂದಾಯ ನೋಡಿದರೆ ಪೊಲೀಸ್ ಪಾಟೀಲ ಶಾಂತಿ ನೋಡುತ್ತಿದ್ದ. ತಳವಾರ, ವಾಲೀಕಾರ ಅವನ ಕೈಕೆಳಗೆ ಊರು, ಹೊಲ ಕಾಯುತ್ತಿದ್ದರು. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಈ ಹಳೆಯ ಪದ್ಧತಿಗೇ ಕಾನೂನಿನ ರೂಪ ಕೊಟ್ಟಿತು. ಅಧಿಕಾರ ಮನೆತನದಲ್ಲಿ ಉಳಿಯಿತು, ಕಾಯುವ ದುಡಿಮೆ ಕೆಳಜಾತಿಗಳ ಮೇಲೆ ಬಿತ್ತು. ‘ಹಿಂದೆ ಊರು ಸುರಕ್ಷಿತವಾಗಿತ್ತು’ ಎಂಬ ಮಾತು ಈ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಆ ಸುರಕ್ಷೆ ಯಾರದಾಗಿತ್ತು ಎಂದು ಕೇಳದೆ ಅದನ್ನು ಒಪ್ಪಲಾಗದು.

ಸೊಲ್ಲಾಪುರ ಪೇಟೆಯ ಇತಿಹಾಸದಲ್ಲಿ ಪೊಲೀಸರಿಲ್ಲದೆ ಜನರೇ ನಗರ ಕಾಯ್ದ ದಿನಗಳಿವೆ. 1930ರ ಮೇ 5ರಂದು ಗಾಂಧೀಜಿಯ ಬಂಧನವಾದ ಮೇಲೆ ಗಿರಣಿ ಕಾರ್ಮಿಕರು ಬೀದಿಗಿಳಿದರು. ಮೇ 8ರಂದು ಗೋಲಿಬಾರ್ ಆಯಿತು. ಉದ್ರಿಕ್ತ ಜನ ಪೊಲೀಸ್ ಚೌಕಿಗಳಿಗೂ ನ್ಯಾಯಾಲಯಕ್ಕೂ ಬೆಂಕಿ ಹಚ್ಚಿದರು. ಅಧಿಕಾರಿಗಳು ಹಿಂದೆ ಸರಿದ ಕೆಲವು ದಿನ ಕಾಂಗ್ರೆಸ್ ಸ್ವಯಂಸೇವಕರೇ ಸಂಚಾರ, ಕಾವಲು ನೋಡಿಕೊಂಡರು. ಮೇ 12ರಿಂದ ಜೂನ್ 30ರವರೆಗೆ ಸೈನಿಕ ಆಡಳಿತ ಹೇರಲಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. 1947–48ರಲ್ಲಿ ಹೈದರಾಬಾದ್ ಸಂಸ್ಥಾನದ ಎಲ್ಲೆಯಲ್ಲಿ ರಜಾಕಾರರ ಹಾವಳಿ ಗಡಿಯ ಊರುಗಳನ್ನು ನಡುಗಿಸಿತು. 1948ರ ಸೆಪ್ಟೆಂಬರ್ 13ರಂದು ಆ ಸಂಸ್ಥಾನದ ಮೇಲೆ ಭಾರತದ ಸೇನೆಯ ಮುಖ್ಯ ತುಕಡಿ ಹೊರಟದ್ದು ಸೊಲ್ಲಾಪುರದಿಂದ, ಮೊದಲು ಹಿಡಿದದ್ದು ಅಕ್ಕಲಕೋಟದ ಉತ್ತರಕ್ಕಿರುವ ನಳದುರ್ಗವನ್ನು.

ಅಪರಾಧಿ ಎಂಬ ಹಣೆಪಟ್ಟಿ

ಈ ಜಿಲ್ಲೆಯ ಅಪರಾಧ ಇತಿಹಾಸದಲ್ಲಿ ಅತಿ ಭಾರವಾದ ಅಧ್ಯಾಯ ಸೆಟಲ್‌ಮೆಂಟಿನದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಜನರನ್ನು ಅಪರಾಧಿಗಳೆಂದು ಗುರುತಿಸಿತು. 1911ರ ಹೊಸ ಕಾಯ್ದೆಯೊಂದಿಗೆ ಅದು ಮುಂಬೈ ಪ್ರಾಂತಕ್ಕೂ ಬಂತು. ಒ.ಎಚ್.ಬಿ. ಸ್ಟಾರ್ಟೆ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಗದಗ ಮೊದಲಾದ ಕಡೆ ಸೆಟಲ್‌ಮೆಂಟ್ ಎಂಬ ತಂತಿಬೇಲಿಯ ವಸತಿಗಳು ಎದ್ದವು. ಕೈಕಾಡಿ ಎಂದು ಮರಾಠಿಯಲ್ಲಿ ಕರೆಯುವ ಕೊರವರು, ಪಾರ್ಧಿ ಎನ್ನುವ ಹರಣಶಿಕಾರಿಗಳು, ಘಂಟಿಚೋರರು, ಭಾಮಟಾ, ಮಾಂಗ್ ಗಾರುಡಿಗಳು ಅಲ್ಲಿ ಹಾಜರಿ ಕೊಡಬೇಕಿತ್ತು, ಪಾಸಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಸೊಲ್ಲಾಪುರದ ನೂಲಿನ ಗಿರಣಿಗಳಿಗೆ ಅಗ್ಗದ ಕೂಲಿಗಳು ಸಿಕ್ಕರು. ಸುಧಾರಣೆಯ ಹೆಸರಿನಲ್ಲಿ ನಡೆದ ಸೆರೆ ಅದು. ನಗರದಲ್ಲಿ ‘ಸೆಟಲ್‌ಮೆಂಟ್ ಫ್ರೀ ಕಾಲೊನಿ’ ಎಂಬ ಬಡಾವಣೆಯ ಹೆಸರು ಇಂದಿಗೂ ಬಳಕೆಯಲ್ಲಿದೆ.

1952ರ ಆಗಸ್ಟ್ 31ರಂದು ದೇಶದಾದ್ಯಂತ ಕಾಯ್ದೆ ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವಾಗಿ ಆಚರಿಸುತ್ತವೆ. ಆದರೆ ಏಳು ವರ್ಷಗಳಲ್ಲೇ 1959ರ ಮುಂಬೈ ರೂಢಿಗತ ಅಪರಾಧಿಗಳ ಕಾಯ್ದೆ ಬಂತು, ಹಳೆಯ ಸಂಶಯ ಹೊಸ ಹೆಸರಿನಲ್ಲಿ ಮುಂದುವರಿಯಿತು. ಊರಿನಲ್ಲಿ ಕನ್ನ ಬಿದ್ದರೆ ಇಂದಿಗೂ ಮೊದಲು ಜೀಪು ಹೋಗುವುದು ಪಾರ್ಧಿಗಳ ಗುಡಿಸಲಿಗೆ. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಜೈಲು ಕೈಪಿಡಿಗಳ ಜಾತಿಭೇದದ ನಿಯಮಗಳನ್ನು ರದ್ದುಗೊಳಿಸಿತು. ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ಎಚ್ಚರಿಸಿದ್ದೂ ಅದೇ ತೀರ್ಪು. ಒಂದು ಸಮುದಾಯದ ಮೇಲೆ ಪ್ರಕರಣಗಳು ಹೆಚ್ಚಿವೆ ಎಂದು ಅಂಕಿ ತೋರಿಸುವವರು, ಆ ಸಮುದಾಯವನ್ನು ಎಷ್ಟು ಸಲ ಹಿಡಿದು ಕೇಳಲಾಯಿತು ಎಂಬುದನ್ನೂ ತೋರಿಸಬೇಕು.

ಬದು, ಬಾವಿ, ಕಬ್ಬು

ಗ್ರಾಮಭಾಗದ ಹೊಡೆದಾಟಗಳ ಬೇರು ಹೆಚ್ಚಾಗಿ ಹೊಲದಲ್ಲಿರುತ್ತದೆ. ಅಣ್ಣತಮ್ಮಂದಿರ ಪಾಲು, ಸರಿಸಿದ ಬದು, ಮುಚ್ಚಿದ ಬಂಡಿದಾರಿ, ಸಾಮಾಯಿಕ ಬಾವಿಯ ನೀರಿನ ಪಾಳಿ ಇವು ಮೊದಲು ಬಾಯಿಮಾತು, ಮುಂದೆ ಬಡಿಗೆ, ಕೆಲವೊಮ್ಮೆ ಕೊಡಲಿ. ಪೊಲೀಸರ ಬಳಿ ಬರುವಷ್ಟರಲ್ಲಿ ಇವು ‘ಗಾಯಗೊಳಿಸಿದ’ ಪ್ರಕರಣಗಳಾಗಿರುತ್ತವೆ. ಆದರೆ ತೀರಬೇಕಾದದ್ದು ಕಂದಾಯ ಕಚೇರಿಯಲ್ಲಿ. ದಾರಿ ಅಡ್ಡಗಟ್ಟಿದರೆ ತಹಸೀಲ್ದಾರರೇ ತೆರವು ಮಾಡಿಸಲು 1906ರ ಮಾಮಲೇದಾರ ನ್ಯಾಯಾಲಯ ಕಾಯ್ದೆ ಅವಕಾಶ ಕೊಡುತ್ತದೆ. ಒಬ್ಬನ ಹೆಸರಿನ ಹೊಲವನ್ನು ಇನ್ನೊಬ್ಬ ಹನ್ನೆರಡು ವರ್ಷದಿಂದ ಉಳುತ್ತಿದ್ದು, ಅದಕ್ಕೆ ಪ್ರತಿಯಾಗಿ ಅವನ ಹೊಲ ಇವನ ಕೈಯಲ್ಲಿದ್ದರೆ, ಒಂದು ಸಾವಿರ ರೂಪಾಯಿ ಮುದ್ರಾಂಕ, ಒಂದು ಸಾವಿರ ನೋಂದಣಿ ಶುಲ್ಕದಲ್ಲಿ ಅದಲುಬದಲು ಮಾಡಿಕೊಳ್ಳುವ ‘ಸಲೋಖಾ’ ಯೋಜನೆಯನ್ನು ಮಹಾರಾಷ್ಟ್ರ 2023ರಲ್ಲಿ ತಂದಿತು. ಬದುವಿನ ಒಂದು ಕೊಲೆ ತಪ್ಪಿಸುವಲ್ಲಿ ಹೊಸ ಪೊಲೀಸ್ ಚೌಕಿಗಿಂತ ಸಮಯಕ್ಕೆ ಆದ ಒಂದು ಮೋಜಣಿ (ಹೊಲದ ಅಳತೆ) ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಈ ಸೀಮೆ ಬಲ್ಲವರ ಅನುಭವ.

ಕಳವುಗಳಲ್ಲಿ ರೈತನನ್ನು ಹೆಚ್ಚು ಕಾಡುವುದು ನೀರಿನ ಮೋಟಾರು, ತಾಮ್ರದ ಕೇಬಲ್ಲು, ಆಡುಕುರಿ, ಬೈಕು. ಕೇಬಲ್ ಕಳವಾದರೆ ಅದರ ಬೆಲೆಗಿಂತ ನೀರು ನಿಂತು ಒಣಗಿದ ಬೆಳೆಯ ನಷ್ಟ ದೊಡ್ಡದು, ಅದು ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ. ಬೇಸಿಗೆಯಲ್ಲಿ ಜನ ಮಾಳಿಗೆಯ ಮೇಲೆ ಮಲಗಿದಾಗ ಕೆಳಗೆ ಬೀಗ ಮುರಿಯುವ ಕನ್ನಗಳವು ಹಳೆಯ ರೂಢಿ. ಊರಿಂದ ದೂರ ಹೊಲದಲ್ಲೇ ಮನೆ ಮಾಡಿಕೊಂಡ ವಸ್ತಿಗಳು ದರೋಡೆಗೆ ಸುಲಭವಾಗಿ ಸಿಗುತ್ತವೆ. ಅಕ್ಕಲಕೋಟದ ಸ್ವಾಮಿ ಸಮರ್ಥರ ಗುಡಿ, ಪಂಢರಪುರದ ಆಷಾಢ ವಾರಿ, ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗಳ ಗರ್ದಿಯಲ್ಲಿ ಕೊರಳಸರ, ಮೊಬೈಲುಗಳು ಹೋಗುತ್ತವೆ.

ಕಬ್ಬಿನ ಸೀಮೆಗೆ ತಕ್ಕ ಒಂದು ವಂಚನೆಯೂ ಇದೆ. ಕಟಾವಿನ ಗುಂಪು ತರುತ್ತೇನೆಂದು ಮುಕಾದಮ ವಾಹನದ ಮಾಲೀಕನಿಂದ ಲಕ್ಷಗಟ್ಟಲೆ ಮುಂಗಡ, ಇಲ್ಲಿನ ಮಾತಿನಲ್ಲಿ ಉಚಲ್, ಪಡೆದು ಮಾಯವಾಗುತ್ತಾನೆ. ಹಂಗಾಮು ಶುರುವಾಗುವ ಹೊತ್ತಿಗೆ ಇಂಥ ದೂರುಗಳು ಠಾಣೆಗೆ ಬರುತ್ತವೆ. ಇದರ ಇನ್ನೊಂದು ಮುಖ ಕಾಣಸಿಗುವುದು ಕಡಿಮೆ: ಮುಂಗಡ ತೀರಲಿಲ್ಲವೆಂದು ಕಾರ್ಮಿಕರ ಕುಟುಂಬವನ್ನೇ ಹಿಡಿದಿಟ್ಟುಕೊಳ್ಳುವುದು. ಅದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಅಪರಾಧ, ಆದರೆ ‘ಲೆಕ್ಕದ ತಕರಾರು’ ಎಂದೇ ಮುಗಿದುಹೋಗುತ್ತದೆ.

ಗಡಿ ಹುಟ್ಟಿಸಿದ ದಂಧೆಗಳು

ಒಂದೇ ಬೇಡಿಕೆ, ಎರಡು ಕಾನೂನು ಇರುವಲ್ಲಿ ಕಳ್ಳಸಾಗಣೆ ಹುಟ್ಟುತ್ತದೆ. ಕರ್ನಾಟಕ 2007ರಲ್ಲಿ ಲಾಟರಿಯನ್ನೂ ಸಾರಾಯಿಯನ್ನೂ ನಿಷೇಧಿಸಿತು. ಮಹಾರಾಷ್ಟ್ರದಲ್ಲಿ ಸರ್ಕಾರಿ ಲಾಟರಿ ಇದೆ, ಪರವಾನಗಿಯ ದೇಶಿ ದಾರು ಅಂಗಡಿಗಳಿವೆ. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿದಾಗ ಕರ್ನಾಟಕದಲ್ಲಿ ಅದು ಇನ್ನೂ ಸುಮಾರು ಒಂದು ವರ್ಷ ಮುಕ್ತವಾಗಿ ಸಿಗುತ್ತಿತ್ತು. ಆಗ ಬಿದ್ದ ದಾರಿಗಳಲ್ಲಿ ಸರಕು ಈಗಲೂ ಓಡಾಡುತ್ತದೆ. ಅಕ್ಕಲಕೋಟ, ದುಧನಿ ರಸ್ತೆಗಳಲ್ಲಿ ಹಿಡಿದ ಗುಟ್ಕಾ ವಾಹನಗಳ ಸುದ್ದಿ ಸ್ಥಳೀಯ ಪತ್ರಿಕೆಗಳಲ್ಲಿ ಅಪರೂಪವಲ್ಲ. 1960ರ ದಶಕದಲ್ಲಿ ಮುಂಬೈಯಲ್ಲಿ ಹುಟ್ಟಿದ ಮಟಕಾ ಗಡಿಯ ಎರಡೂ ಕಡೆ ಕೂಲಿಕಾರರ ದಿನದ ಗಳಿಕೆ ನುಂಗುತ್ತದೆ. ತೊಗರಿ ಹೊಲದ ನಡುವೆ ಬೆಳೆಸಿದ ಗಾಂಜಾ ಹಳೆಯ ಕಥೆ. 2023ರ ಅಕ್ಟೋಬರಿನಲ್ಲಿ ಸೊಲ್ಲಾಪುರ ಬಳಿಯ ಚಿಂಚೋಳಿ ಕೈಗಾರಿಕಾ ವಸಾಹತಿನಲ್ಲಿ ಎಂ.ಡಿ. ಎಂಬ ಮಾದಕವಸ್ತು ತಯಾರಿಸುವ ಕಾರ್ಖಾನೆಯನ್ನೇ ಮುಂಬೈ ಪೊಲೀಸರು ಪತ್ತೆಮಾಡಿದ್ದು ಹೊಸ ಕಥೆ.

ಭೀಮೆಯ ಮರಳು ಇವೆಲ್ಲಕ್ಕಿಂತ ಹೆಚ್ಚು ಹಿಂಸೆಯ ದಂಧೆ. ನಗರಗಳು ಕಟ್ಟುವ ಮನೆಗಳಿಗೆ ಮರಳು ಬೇಕು, ನದಿಯ ನಡುವೆಯೇ ಎರಡು ರಾಜ್ಯಗಳ ಎಲ್ಲೆ. ಈ ದಡದ ತಹಸೀಲ್ದಾರರು ಬಂದರೆ ದೋಣಿ ಆ ದಡಕ್ಕೆ ಹೋಗುತ್ತದೆ. ಮಹಾರಾಷ್ಟ್ರ ತನ್ನ 1981ರ ಅಪಾಯಕಾರಿ ಚಟುವಟಿಕೆ ತಡೆ ಕಾಯ್ದೆಗೆ 2015ರಲ್ಲಿ ಮರಳು ಕಳ್ಳಸಾಗಣೆದಾರರನ್ನೂ ಸೇರಿಸಿತು. ಆಚೆ ದಡದ ಇಂಡಿ, ಚಡಚಣ, ಆಲಮೇಲ ಸೀಮೆಯಲ್ಲಿ ಮನೆತನಗಳ ಹಗೆ, ನಾಡಪಿಸ್ತೂಲು, ಮರಳು ಹಣ ಮೂರೂ ಸೇರಿ ‘ಭೀಮಾತೀರ’ ಎಂಬ ಹೆಸರಿಗೇ ರಕ್ತದ ಕಲೆ ಹತ್ತಿತು. ಚಲನಚಿತ್ರಗಳು ಅದನ್ನು ವೀರಗಾಥೆಯಾಗಿ ತೋರಿಸಿ ಅಲ್ಲಿನ ಸಾಮಾನ್ಯ ಜನರಿಗೆ ಅನ್ಯಾಯ ಮಾಡಿದವು. 2017ರ ಅಕ್ಟೋಬರಿನಲ್ಲಿ ಅಂಥ ಒಂದು ಮನೆತನದ ಯುವಕ ಪೊಲೀಸರ ಗುಂಡಿಗೆ ಸತ್ತ. ಅವನ ತಮ್ಮ ಕಾಣೆಯಾದ. 2018ರಲ್ಲಿ ಸಿಐಡಿ ಆ ಪ್ರಕರಣದಲ್ಲಿ ಪೊಲೀಸ್ ಸಿಬ್ಬಂದಿಯನ್ನೇ ಬಂಧಿಸಿತು. ಕಾಯುವವರೇ ಒಂದು ಪಕ್ಷಕ್ಕೆ ಸೇರಿದ್ದಾರೆ ಎಂಬ ಸಂಶಯ ಬಂದ ಮೇಲೆ ಸಾಕ್ಷಿ ಹೇಳಲು ಯಾರು ಮುಂದೆ ಬರುತ್ತಾರೆ?

ಹೊಸ್ತಿಲೊಳಗಿನ ಅಪರಾಧ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಸೊಲ್ಲಾಪುರ ಜಿಲ್ಲೆಯ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 40 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ರಾಜ್ಯದ ಸರಾಸರಿ 22ರಷ್ಟು. ಬಾಲ್ಯವಿವಾಹ 2006ರ ಕಾಯ್ದೆಯ ಪ್ರಕಾರ ಸಂಜ್ಞೇಯ ಅಪರಾಧ. ಮಹಾರಾಷ್ಟ್ರದಲ್ಲಿ ಗ್ರಾಮಸೇವಕರೇ ತಡೆ ಅಧಿಕಾರಿ. ಆದರೂ ಠಾಣೆಗಳಲ್ಲಿ ದಾಖಲಾಗುವ ಪ್ರಕರಣಗಳು ಈ ಶೇಕಡಾವಾರಿನ ಹತ್ತಿರಕ್ಕೂ ಬರುವುದಿಲ್ಲ. ಅಪರಾಧ ಪ್ರಮಾಣ ಮತ್ತು ಅಪರಾಧದ ನಡುವಿನ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಗುಳೆ ಹೋಗುವಾಗ ಬೆಳೆದ ಮಗಳನ್ನು ಯಾರ ಬಳಿ ಬಿಡುವುದು ಎಂಬ ಭಯ, ಹೈಸ್ಕೂಲು ದೂರ, ಕೋವಿಡ್ ವರ್ಷಗಳಲ್ಲಿ ಮುಚ್ಚಿದ ಶಾಲೆ ಇವು ಕಾರಣಗಳು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಮುಂದಿನ ಕಾಲೇಜು ಊರ ಹತ್ತಿರ ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಗಡಿಯಾಚೆ ಸಂಬಂಧ ಬೆಳೆಸುವ ಕುಟುಂಬಗಳು ಈಚೆ ತಡೆದ ಮದುವೆಯನ್ನು ಆಚೆ ಮಾಡುವುದೂ ಉಂಟು. 1098 ಮಕ್ಕಳ ಸಹಾಯವಾಣಿಗೆ ಬರುವ ಕರೆಗಳಲ್ಲಿ ಹೆಸರು ಹೇಳದವರೇ ಹೆಚ್ಚು. ಬೀಗರೂರಿನಲ್ಲಿ ಮುಖ ಎತ್ತಿ ತಿರುಗಬೇಕಲ್ಲ.

ಗುಂಪಿನ ಭಯ

ಸುರಕ್ಷೆಯ ಹೆಸರಿನಲ್ಲಿ ಊರೇ ಕೊಲೆಗಾರನಾದ ಘಟನೆಯೊಂದರಲ್ಲಿ ಬಲಿಯಾದವರಲ್ಲಿ ಹೆಚ್ಚಿನವರು ಈ ಜಿಲ್ಲೆಯವರು. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಊರಿನ ಸಂತೆಗೆ ಬಂದ ಐವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಜನರ ಗುಂಪು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕೂಡಿಹಾಕಿ ಹೊಡೆದು ಕೊಂದಿತು. ಅವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು, ಬಹುಪಾಲು ಮಂಗಳವೇಢೆ ತಾಲ್ಲೂಕಿನವರು. ತಲೆಮಾರುಗಳಿಂದ ಭಿಕ್ಷೆ ಬೇಡುತ್ತ ಊರೂರು ತಿರುಗಿದವರು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳು ಸಂದೇಶ ಇದಕ್ಕೆ ಕಿಡಿಯಾಯಿತು. ಎರಡು ವಾರದೊಳಗೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಇದೇ ಶಂಕೆಯಿಂದ ಹೈದರಾಬಾದಿನ ಯುವಕನೊಬ್ಬನನ್ನು ಕೊಲ್ಲಲಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಒಬ್ಬ ಸತ್ತಿದ್ದ. ಆ ಜುಲೈ 17ರಂದು ಸರ್ವೋಚ್ಚ ನ್ಯಾಯಾಲಯ ಪ್ರತಿ ಜಿಲ್ಲೆಗೂ ಗುಂಪುಹತ್ಯೆ ತಡೆಯಲು ಒಬ್ಬ ಹಿರಿಯ ಅಧಿಕಾರಿಯನ್ನು ನೇಮಿಸಬೇಕೆಂದು ಆದೇಶಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಜಾತಿ, ಭಾಷೆ, ಹುಟ್ಟೂರು ಮೊದಲಾದ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಮಾಡುವ ಕೊಲೆಗೆ ಪ್ರತ್ಯೇಕ ಶಿಕ್ಷೆ ಸೇರಿತು.

ಅಪರಿಚಿತ ಎಂದರೆ ಅಪಾಯ ಎಂಬ ಎಣಿಕೆ ಮೇಲೆ ನಿಂತ ಊರಕಾವಲು ಎಷ್ಟು ಬೇಗ ಕೆಡುಕಾಗುತ್ತದೆ ಎಂಬುದನ್ನು ಈ ಸಾವುಗಳು ಹೇಳುತ್ತವೆ. ಕಾವಲುದಳ ಕಟ್ಟುವ ಪ್ರತಿ ಊರೂ ಮೊದಲು ಕಲಿಯಬೇಕಾದದ್ದು ಹಿಡಿದವನನ್ನು ಪೊಲೀಸರು ಬರುವ ತನಕ ಹೇಗೆ ಕಾಪಾಡಬೇಕು ಎಂಬುದನ್ನು.

ಇಂದಿನ ವ್ಯವಸ್ಥೆಗಳು

ಗಡಿಯ ಎರಡೂ ಕಡೆ ಒಂದೇ ಬಗೆಯಿದ್ದ ಗ್ರಾಮಕಾವಲು 1960ರ ದಶಕದಲ್ಲಿ ಎರಡು ದಾರಿ ಹಿಡಿಯಿತು. ಕರ್ನಾಟಕ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು, ಪೊಲೀಸ್ ಪಾಟೀಲನೂ ಹೋದ. ಅಲ್ಲಿ ಈಗ ಬೀಟ್ ಪೊಲೀಸರೇ ಊರಿನ ಕೊಂಡಿ. ಮಹಾರಾಷ್ಟ್ರ ವಂಶದ ಹಕ್ಕನ್ನು ತೆಗೆದು ಹುದ್ದೆಯನ್ನು ಉಳಿಸಿಕೊಂಡಿತು: 1967ರ ಗ್ರಾಮ ಪೊಲೀಸ್ ಕಾಯ್ದೆಯಡಿ ಹತ್ತನೆಯ ತರಗತಿ ಪಾಸಾದ, 25ರಿಂದ 45 ವರ್ಷದ ಸ್ಥಳೀಯರನ್ನು ಪರೀಕ್ಷೆ, ಸಂದರ್ಶನ ನಡೆಸಿ ಪ್ರಾಂತಾಧಿಕಾರಿ ನೇಮಿಸುತ್ತಾರೆ. ಮೀಸಲಾತಿ ಇರುವುದರಿಂದ ದಲಿತರೂ ಹೆಂಗಸರೂ ಪೊಲೀಸ್ ಪಾಟೀಲರಾಗಿದ್ದಾರೆ; ವತನಿನ ಕಾಲದ ಹಳ್ಳಿ ಇದನ್ನು ಊಹಿಸಿರಲಾರದು. 2024ರಲ್ಲಿ ತಿಂಗಳ ಗೌರವಧನ 6,500ರಿಂದ 15,000 ರೂಪಾಯಿಗೆ ಏರಿತು. ಅನುಮಾನಾಸ್ಪದ ಸಾವು, ಹೊಸಬರ ಬರವು, ಜಗಳದ ಸುಳಿವು ಎಲ್ಲವನ್ನೂ ಇವರು ಠಾಣೆಗೆ ತಿಳಿಸಬೇಕು. ಕನ್ನಡದ ಊರುಗಳಲ್ಲಿ ಇವರಿಗೆ ಕಾಯ್ದೆಯಲ್ಲಿ ಬರೆಯದ ಇನ್ನೊಂದು ಕೆಲಸವಿದೆ: ಊರವರ ಮಾತನ್ನು ಠಾಣೆಯ ಮಾತಿಗೆ ತಿರುಗಿಸಿ ಹೇಳುವುದು.

ಗೃಹಸಚಿವರಾಗಿದ್ದ ಆರ್.ಆರ್. ಪಾಟೀಲರ ಕಾಲದಲ್ಲಿ 2007ರ ಆಗಸ್ಟ್ 15ರಂದು ಮಹಾತ್ಮ ಗಾಂಧಿ ತಂಟಾಮುಕ್ತ ಗಾವ್ ಅಭಿಯಾನ ಶುರುವಾಯಿತು. ಗ್ರಾಮಸಭೆಯಲ್ಲಿ ಸಮಿತಿ ಮಾಡಿ, ಊರಿನ ತಕರಾರುಗಳನ್ನು ರಾಜಿಯಲ್ಲಿ ತೀರಿಸಿದ ಊರಿಗೆ ಜನಸಂಖ್ಯೆಗೆ ತಕ್ಕ ಬಹುಮಾನ. ವರ್ಷಗಟ್ಟಲೆ ಕೋರ್ಟು ಅಲೆದಿದ್ದ ಅಣ್ಣತಮ್ಮಂದಿರು ಇದರಿಂದ ಒಂದಾದದ್ದು ನಿಜ. ಆದರೆ ಪ್ರಕರಣ ಕಡಿಮೆಯಾದಷ್ಟೂ ಅಂಕ ಹೆಚ್ಚು ಎಂಬ ಏರ್ಪಾಡಿನಲ್ಲಿ ಬಡವರಿಗೆ, ಸೊಸೆಯಂದಿರಿಗೆ, ದಲಿತರಿಗೆ ‘ಊರ ಮರ್ಯಾದೆ’ಯ ಒತ್ತಡ ಬೀಳುವ ಅಪಾಯವಿತ್ತು. ರಾಜಿಯಾಗಲಾರದ ಅಪರಾಧಗಳನ್ನು ಸಮಿತಿಗಳು ಮುಟ್ಟಕೂಡದು.

ಈಚಿನ ಪ್ರಯತ್ನಗಳಲ್ಲಿ ಗಮನ ಸೆಳೆದದ್ದು 2021ರಲ್ಲಿ ಆಗಿನ ಗ್ರಾಮೀಣ ಪೊಲೀಸ್ ಅಧೀಕ್ಷಕಿ ತೇಜಸ್ವಿ ಸಾತಪುತೆ ಕೈಗೊಂಡ ‘ಆಪರೇಷನ್ ಪರಿವರ್ತನ’. ಸೊಲ್ಲಾಪುರದ ಹತ್ತಿರದ ಮುಳೇಗಾಂವ ತಾಂಡೆ ಮೊದಲಾದ ಕಡೆ ಬೆಲ್ಲ, ನವಸಾಗರ ಹಾಕಿ ಕಳ್ಳಭಟ್ಟಿ ಕಾಯಿಸುವುದೇ ಅನೇಕ ಕುಟುಂಬಗಳ ಜೀವನೋಪಾಯವಾಗಿತ್ತು. ದಾಳಿ, ಜಾಮೀನು, ಮತ್ತೆ ಭಟ್ಟಿ ಎಂಬ ಸುತ್ತು ದಶಕಗಳಿಂದ ನಡೆದಿತ್ತು. ಪೊಲೀಸರು ಅಂಥ ಜಾಗಗಳನ್ನು ಗುರುತಿಸಿ, ಒಂದೊಂದನ್ನು ಒಬ್ಬೊಬ್ಬ ಅಧಿಕಾರಿಗೆ ದತ್ತು ಕೊಟ್ಟು, ದಾಳಿಯ ಜತೆಗೆ ಬೇರೆ ಉದ್ಯೋಗ, ಸಾಲ, ತರಬೇತಿ, ಮಕ್ಕಳ ಶಾಲೆ ನೋಡಿದರು. ಅಪರಾಧದ ಹಿಂದಿನ ಹಸಿವನ್ನು ಪೊಲೀಸ್ ಇಲಾಖೆಯೇ ಒಪ್ಪಿಕೊಂಡ ಅಪರೂಪದ ಕೆಲಸ ಇದು. ಅಧಿಕಾರಿ ವರ್ಗವಾದ ಮೇಲೂ ನಡೆದರೆ ಮಾತ್ರ ಇದರ ಬೆಲೆ ಉಳಿಯುತ್ತದೆ. ದಾರು ಅಂಗಡಿ ಮುಚ್ಚಿಸಲು ಹೆಂಗಸರಿಗೆ ಮತದಾನದ ದಾರಿಯೂ ಮಹಾರಾಷ್ಟ್ರದಲ್ಲಿದೆ. ಮತಚೀಟಿಯಲ್ಲಿ ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ ಎರಡೇ ಗುರುತು. ಅಡ್ಡ ಬಾಟಲಿಗೆ ಬಹುಮತ ಬಿದ್ದರೆ ಅಂಗಡಿ ಮುಚ್ಚಬೇಕು.

ತುರ್ತಿಗೆ 112, ಸೈಬರ್ ವಂಚನೆಗೆ 1930 ಸಂಖ್ಯೆಗಳಿವೆ. ಒಂದು ಕರೆಯಿಂದ ಊರಿನ ಎಲ್ಲ ಮೊಬೈಲುಗಳಿಗೆ ಏಕಕಾಲಕ್ಕೆ ಧ್ವನಿಸಂದೇಶ ಮುಟ್ಟಿಸುವ ಗ್ರಾಮಸುರಕ್ಷಾ ಯಂತ್ರಣೆಯನ್ನೂ ಪಶ್ಚಿಮ ಮಹಾರಾಷ್ಟ್ರದ ಹಲವು ಜಿಲ್ಲೆಗಳಂತೆ ಇಲ್ಲಿ ಬಳಸಲಾಗಿದೆ. ಕನ್ನ, ಬೆಂಕಿ, ಚಿರತೆ, ನೆರೆ ಎಲ್ಲಕ್ಕೂ ಅದು ಉಪಯೋಗಕ್ಕೆ ಬರುತ್ತದೆ.

ಸುರಕ್ಷೆಯನ್ನು ಅಪರಾಧಕ್ಕೆ ಮಾತ್ರ ಸೀಮಿತಗೊಳಿಸಿದರೆ ಚಿತ್ರ ಅರ್ಧವಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಕೊಲೆಯಾದವರ ಸುಮಾರು ಆರು ಪಟ್ಟು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಜೋಡಿ ಟ್ರಾಲಿಗಳು, ಅಕ್ಕಲಕೋಟಕ್ಕೆ ರಾತ್ರಿಯೆಲ್ಲ ಓಡಿಬರುವ ಭಕ್ತರ ಕಾರುಗಳು ಒಂದೇ ರಸ್ತೆಯಲ್ಲಿರುತ್ತವೆ.

ಠಾಣೆಯ ಭಾಷೆ

ಮಹಾರಾಷ್ಟ್ರದ ಆಡಳಿತ ಭಾಷೆ ಮರಾಠಿ. ಫಿರ್ಯಾದಿ, ಪಂಚನಾಮೆ, ಸಾಕ್ಷಿಯ ಹೇಳಿಕೆ ಎಲ್ಲ ಮರಾಠಿಯಲ್ಲೇ ಬರೆಯಲಾಗುತ್ತದೆ. ನಾಗಣಸೂರಿನಂಥ ಊರಿನ ಮುದುಕಿ ಕನ್ನಡದಲ್ಲಿ ಹೇಳಿದ್ದನ್ನು ಎರಡೂ ಬಲ್ಲ ಸಿಬ್ಬಂದಿ ಇದ್ದರೆ ಅವರು, ಇಲ್ಲದಿದ್ದರೆ ಪೊಲೀಸ್ ಪಾಟೀಲರೋ ಜತೆಗೆ ಬಂದವರೋ ತಿರುಗಿಸುತ್ತಾರೆ. ಓದಿಹೇಳಿದ್ದಕ್ಕೆ ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ವರ್ಷಗಳ ನಂತರ ನ್ಯಾಯಾಲಯದ ಕಟಕಟೆಯಲ್ಲಿ ಆಕೆ ಮತ್ತೆ ಕನ್ನಡದಲ್ಲಿ ಹೇಳುವಾಗ, ಮೊದಲ ಕಾಗದದಲ್ಲಿ ಇಲ್ಲದ ಮಾತು, ಬೇರೆಯಾದ ಮಾತು ಪತ್ತೆಯಾಗುತ್ತದೆ. ಎದುರು ಪಕ್ಷದ ವಕೀಲರು ಅದನ್ನು ಲೋಪ, ವಿರೋಧಾಭಾಸ ಎಂದು ಎತ್ತಿ ತೋರಿಸುತ್ತಾರೆ, ಅದು ಅವರ ಕೆಲಸ. ತರ್ಜುಮೆಯ ತಪ್ಪಿಗೆ ಸಾಕ್ಷಿ ಸುಳ್ಳುಗಾರಳಾಗುತ್ತಾಳೆ.

ಸಂವಿಧಾನದ 350ನೆಯ ವಿಧಿ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು ಎನ್ನುತ್ತದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಠಾಣೆ ಹಿಂದಿರುಗಿಸುವಂತಿಲ್ಲ ಎಂದು ಗಡಿಯ ಪ್ರತಿ ಊರಿನ ಚಾವಡಿಯಲ್ಲಿ ಬರೆದು ಹಾಕಬೇಕು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಬರೆದಿದೆ. ಅಫಜಲಪುರದ ಸಂತೆಯಲ್ಲಿ ಮೋಸಹೋದ ನಾಗಣಸೂರಿನ ರೈತ ಅಕ್ಕಲಕೋಟದಲ್ಲೇ ದೂರು ಕೊಡಬಹುದು. ಅದು ಶೂನ್ಯ ಸಂಖ್ಯೆಯ ಎಫ್‌ಐಆರ್ ಆಗಿ ಆಚೆಯ ಠಾಣೆಗೆ ಹೋಗುತ್ತದೆ, ಪ್ರತಿಯನ್ನು ಅವನಿಗೆ ಉಚಿತವಾಗಿ ಕೊಡಬೇಕು. ಹೇಳಿಕೆಯನ್ನು ಧ್ವನಿ, ದೃಶ್ಯ ರೂಪದಲ್ಲಿ ದಾಖಲಿಸಲೂ ಕಾನೂನಿನಲ್ಲಿ ಎಡೆಯಿದೆ. ಆ ಮುದುಕಿಯ ಕನ್ನಡ ಆಕೆಯ ದನಿಯಲ್ಲೇ ಕಡತದಲ್ಲಿದ್ದರೆ ತರ್ಜುಮೆಯ ವಾದಕ್ಕೆ ಅರ್ಧ ಉತ್ತರ ಸಿಕ್ಕಂತೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಠಾಣೆಗಳಿಗೆ ಕನ್ನಡ ಬಲ್ಲ ಒಬ್ಬೊಬ್ಬ ಬರಹಗಾರ ಪೊಲೀಸ್ ಸಾಕು.

ಮೇಲ್ಮನವಿಯ ದಾರಿಯೂ ಈಗ ಸ್ವಲ್ಪ ಬದಲಾಗಿದೆ. ಸೊಲ್ಲಾಪುರ ಜಿಲ್ಲೆಯವರು ಹೈಕೋರ್ಟಿಗೆ ಮುಂಬೈಗೆ ಹೋಗಬೇಕಿತ್ತು. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಕೆಲಸ ಆರಂಭಿಸಿದ ಸಂಚಾರಿ ಪೀಠದ ವ್ಯಾಪ್ತಿಗೆ ಈ ಜಿಲ್ಲೆಯೂ ಸೇರಿದೆ. ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ನಾಗಣಸೂರಿಗೆ ಕೊಲ್ಹಾಪುರ ಇನ್ನೂ ದೂರವೇ. ರೈಲಿನಲ್ಲಿ ನೂರು ಕಿಲೋಮೀಟರಿಗಿಂತ ಹತ್ತಿರ, ಕಲಬುರಗಿಯಲ್ಲಿ, ಕನ್ನಡದಲ್ಲಿ ಮಾತಾಡಿಸುವ ವಕೀಲರಿರುವ ಇನ್ನೊಂದು ಹೈಕೋರ್ಟ್ ಪೀಠವಿದೆ. ಅದು ಬೇರೆ ರಾಜ್ಯದ್ದು.